ನಿಮ್ಮೂರಿನ ಕಾಲೇಜು ತಂಡವನ್ನು ದೇಶ ಕಡೆಗಣಿಸಿದೆಯೇ? ಅಳೆದು ನೋಡುವ ಕ್ರಮ

ಅಮೆರಿಕದ ಯಾವುದಾದರೂ ಕಾಲೇಜು ಊರಿಗೆ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರಿಗೆ ಸೆಪ್ಟೆಂಬರ್ ಹೊತ್ತಿಗೆ ಒಂದು ದೂರು ಕಿವಿಗೆ ಬೀಳತೊಡಗುತ್ತದೆ: ನಮ್ಮ ಫುಟ್‌ಬಾಲ್ ತಂಡಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತಿಲ್ಲ. ಆಫೀಸಿನ ಕಾಫಿ ಯಂತ್ರದ ಬಳಿ, ಮಕ್ಕಳ ಶಾಲೆಯ ಗೇಟಿನಲ್ಲಿ, ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತಿರುವಾಗಲೂ ಇದೇ ಮಾತು. ನಾನಿರುವುದು ಐಡಹೋ ರಾಜ್ಯದ ಬಾಯ್ಸಿಯಲ್ಲಿ. ಹುಟ್ಟೂರು ದಾವಣಗೆರೆ, ಹೊಟ್ಟೆಪಾಡು ಮೆಮೊರಿ ಚಿಪ್‌ಗಳ ಪರೀಕ್ಷೆ. ಇಲ್ಲಿನ ಬಾಯ್ಸಿ ಸ್ಟೇಟ್ ತಂಡ 1986ರಿಂದ ನೀಲಿ ಬಣ್ಣದ ಮೈದಾನದಲ್ಲಿ ಆಡುತ್ತಿದೆ. ಅದನ್ನು ಕಂಡು ನಕ್ಕವರ ಪಟ್ಟಿ ಈ ಊರಿನವರಿಗೆ ಬಾಯಿಪಾಠ.

ಈ ದೂರು ಕೆಲವು ವರ್ಷ ನಿಜ, ಕೆಲವು ವರ್ಷ ಬರೀ ಮುನಿಸು. ಯಾವುದು ಯಾವಾಗ ಎಂದು ತಿಳಿಯಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೇಕಾಗುವುದು ಒಂದು ಸ್ಪ್ರೆಡ್‌ಶೀಟ್ ಅಥವಾ ಗೆರೆ ಎಳೆದ ಹಾಳೆ, ತಂಡದ ಆ ವರ್ಷದ ವೇಳಾಪಟ್ಟಿ, ಒಂದು ಬಿಡುವಿನ ಸಂಜೆ. ತಂಡದ ಮೇಲಿನ ಪ್ರೀತಿ ಬೇಕಾಗಿಲ್ಲ. ಇದ್ದರೆ ಅದು ಅಡ್ಡಿಯೇ. ಹೆತ್ತವರಿಗೆ ಹೆಗ್ಗಣ ಮುದ್ದು.

ಜಗಳದ ಮೂಲ

ಕಾಲೇಜು ಫುಟ್‌ಬಾಲ್‌ನ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ಮೇಲಿನ ಹಂತದಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ನಿಯತ ಋತುವಿನಲ್ಲಿ ಒಂದು ತಂಡ ಆಡುವುದು 12 ಪಂದ್ಯ, ಅದರಲ್ಲಿ ಎಂಟೋ ಒಂಬತ್ತೋ ತನ್ನದೇ ಕಾನ್ಫರೆನ್ಸಿನೊಳಗೆ, ಅಂದರೆ ತಾನು ಸೇರಿರುವ ತಂಡಗಳ ಕೂಟದೊಳಗೆ. ಅಂದರೆ ಅಲಬಾಮಾ ಮತ್ತು ಬಾಯ್ಸಿ ಒಂದೇ ಮೈದಾನದಲ್ಲಿ ಎದುರಾಗದೆಯೇ ಯಾರು ಮೇಲು ಎಂದು ತೀರ್ಮಾನವಾಗಬೇಕು. ಆ ತೀರ್ಮಾನವನ್ನು 1936ರಿಂದ ಅಸೋಸಿಯೇಟೆಡ್ ಪ್ರೆಸ್‌ನ ಮತಪಟ್ಟಿಯಲ್ಲಿ ಪತ್ರಕರ್ತರು ಮಾಡುತ್ತಿದ್ದಾರೆ. ಪ್ರತಿಯೊಬ್ಬರೂ 25 ತಂಡ ಬರೆಯುತ್ತಾರೆ, ಮೊದಲನೆಯದಕ್ಕೆ 25 ಅಂಕ, ಕೊನೆಯದಕ್ಕೆ ಒಂದು. 2014ರಲ್ಲಿ ಪ್ಲೇಆಫ್, ಅಂದರೆ ರಾಷ್ಟ್ರೀಯ ಪ್ರಶಸ್ತಿಗಾಗಿ ಆಯ್ದ ತಂಡಗಳ ನಾಕೌಟ್, ಬಂದ ಮೇಲೆ 13 ಜನರ ಆಯ್ಕೆ ಸಮಿತಿಯೊಂದು ಋತುವಿನ ಕೊನೆಯ ವಾರಗಳಲ್ಲಿ ತನ್ನದೇ ಪಟ್ಟಿ ಪ್ರಕಟಿಸುತ್ತದೆ. ಎರಡೂ ಮನುಷ್ಯರ ಅಭಿಪ್ರಾಯವೇ.

ನಮ್ಮ ರಣಜಿ ಟ್ರೋಫಿಯನ್ನು ನೋಡಿ ಬೆಳೆದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. 2010–11ರಲ್ಲಿ ರಾಜಸ್ಥಾನ ಪ್ಲೇಟ್ ಗುಂಪಿನಲ್ಲಿತ್ತು, ಅಂದರೆ ಕೆಳದರ್ಜೆ. ಆದರೂ ಅಲ್ಲಿಂದ ನಾಕೌಟ್‌ಗೆ ಬಾಗಿಲು ತೆರೆದಿತ್ತು. ಒಳಗೆ ಬಂದ ರಾಜಸ್ಥಾನ ಮುಂಬೈಯನ್ನು ದಾಟಿತು, ತಮಿಳುನಾಡನ್ನು ದಾಟಿತು, ಸೆಮಿಫೈನಲ್‌ನಲ್ಲಿ ಕರ್ನಾಟಕವನ್ನು ಮನೆಗೆ ಕಳುಹಿಸಿದ್ದ ಬರೋಡವನ್ನು ಅದರ ಊರಿನಲ್ಲೇ ಮಣಿಸಿ ಟ್ರೋಫಿ ಎತ್ತಿತು. ಅದೇ ಜನವರಿ 2011ರಲ್ಲಿ, ಇಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ತಂಡ ರೋಸ್ ಬೌಲ್‌ನಲ್ಲಿ (ನಿಯತ ಋತು ಮುಗಿದ ಮೇಲೆ ಆಯ್ದ ತಂಡಗಳ ನಡುವೆ ನಡೆಯುವ ಪಂದ್ಯಗಳಿಗೆ ಬೌಲ್ ಎಂದು ಹೆಸರು) ವಿಸ್ಕಾನ್ಸಿನ್ ತಂಡವನ್ನು 21–19ರಿಂದ ಸೋಲಿಸಿ 13–0 ಆಯಿತು. ಒಂದೂ ಪಂದ್ಯ ಸೋಲದೆ ಎರಡನೇ ಸ್ಥಾನದಲ್ಲಿ ನಿಂತಿತು. ಆಗಿನ ಪದ್ಧತಿಯಲ್ಲಿ ಪ್ರಶಸ್ತಿಗಾಗಿ ಆಡಲು ಎರಡೇ ತಂಡಗಳಿಗೆ ಅವಕಾಶ, ಮೂರನೆಯದಕ್ಕೆ ಬಾಗಿಲೇ ಇರಲಿಲ್ಲ.

2024ರಿಂದ ಪ್ಲೇಆಫ್ 12 ತಂಡಗಳದ್ದಾಗಿದೆ. ಬಾಗಿಲು ಅಗಲವಾಗಿದೆ, ಜಗಳ ನಿಂತಿಲ್ಲ.

ದೂರನ್ನು ಒಂದು ಸಂಖ್ಯೆಗೆ ಇಳಿಸಿ

"ಮರ್ಯಾದೆ ಇಲ್ಲ" ಎಂಬುದನ್ನು ಅಳೆಯಲು ಬರುವುದಿಲ್ಲ. "ಸಮಿತಿ 9ನೇ ಸ್ಥಾನ ಕೊಟ್ಟಿತು, 6 ಕೊಡಬೇಕಿತ್ತು" ಎಂಬುದನ್ನು ಅಳೆಯಬಹುದು. ದೂರುವವರಿಂದ ಮೊದಲು ಆ ಸಂಖ್ಯೆಯನ್ನು ಹೊರಡಿಸಿ, ಹಾಳೆಯ ತಲೆಯಲ್ಲಿ ಬರೆಯಿರಿ. ಅರ್ಧದಷ್ಟು ವಾದಗಳು ಇಲ್ಲೇ ಮುಗಿಯುತ್ತವೆ, ಏಕೆಂದರೆ ಬಹಳ ಜನರ ಬಳಿ ಸಂಖ್ಯೆಯೇ ಇರುವುದಿಲ್ಲ.

ಸಂಖ್ಯೆ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ತಂಡ ಬಲಶಾಲಿ ಎನ್ನುತ್ತೀರೋ, ಸಾಧನೆ ಮಾಡಿದೆ ಎನ್ನುತ್ತೀರೋ? ಇವು ಬೇರೆ ಬೇರೆ. ನಾಳೆ ಇಬ್ಬರೂ ಆಡಿದರೆ ಯಾರು ಗೆಲ್ಲುತ್ತಾರೆ ಎಂಬುದು ಬಲದ ಪ್ರಶ್ನೆ. ಈವರೆಗೆ ಯಾರನ್ನು, ಎಲ್ಲಿ, ಹೇಗೆ ಸೋಲಿಸಿದ್ದಾರೆ ಎಂಬುದು ಸಾಧನೆಯ ಪ್ರಶ್ನೆ. 2017ರ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡ, ಅಂದರೆ ಯುಸಿಎಫ್, ಇದಕ್ಕೆ ಒಳ್ಳೆಯ ಪಾಠ. ಅವರು 13–0. ಕೊನೆಯ ಪಂದ್ಯದಲ್ಲಿ ಆಬರ್ನ್ ತಂಡವನ್ನು 34–27ರಿಂದ ಸೋಲಿಸಿದರು. ಅದೇ ಆಬರ್ನ್ ಆ ಋತುವಿನಲ್ಲಿ ಜಾರ್ಜಿಯಾವನ್ನು 40–17ರಿಂದ, ಅಲಬಾಮಾವನ್ನು 26–14ರಿಂದ ಹೊಡೆದಿತ್ತು. ಪ್ರಶಸ್ತಿಗಾಗಿ ಆಡಿದವರು ಆ ಜಾರ್ಜಿಯಾ ಮತ್ತು ಆ ಅಲಬಾಮಾ! ಸಮಿತಿಯ ಕೊನೆಯ ಪಟ್ಟಿಯಲ್ಲಿ ಯುಸಿಎಫ್ ಸ್ಥಾನ 12. ಸಾಧನೆಯ ಲೆಕ್ಕದಲ್ಲಿ 12 ಎಂಬುದು ನಾಚಿಕೆಗೇಡು. ಆದರೆ ಮರುದಿನವೇ ಅಲಬಾಮಾ ಎದುರು ಆಡಿದ್ದರೆ ಯುಸಿಎಫ್ ಗೆಲ್ಲುತ್ತಿತ್ತೇ? ನಾನಾದರೆ ಅದರ ಮೇಲೆ ಒಂದು ಡಾಲರ್ ಕೂಡ ಕಟ್ಟುತ್ತಿರಲಿಲ್ಲ. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು.

ಅಭಿಮಾನಿಗಳು ಒಂದು ಪ್ರಶ್ನೆಯಲ್ಲಿ ಸೋಲುವಾಗ ಸದ್ದಿಲ್ಲದೆ ಇನ್ನೊಂದಕ್ಕೆ ಜಿಗಿಯುತ್ತಾರೆ. ಸಮಿತಿಯವರೂ ಜಿಗಿಯುತ್ತಾರೆ, ಅವರದು ಸ್ವಲ್ಪ ಗಂಭೀರ ಮುಖದ ಜಿಗಿತ. ನಿಮ್ಮ ಹಾಳೆಯಲ್ಲಿ ಒಂದನ್ನೇ ಆರಿಸಿಕೊಳ್ಳಿ. ನಾನು ಆರಿಸುವುದು ಸಾಧನೆಯನ್ನು. ಬಲವನ್ನು ಯಾರೂ ನೋಡಿಲ್ಲ, ಫಲಿತಾಂಶವನ್ನು ಎಲ್ಲರೂ ನೋಡಿದ್ದಾರೆ.

ಹನ್ನೆರಡು ಸಾಲು, ಐದು ಅಂಕಣ

ಈಗ ಮುಖ್ಯ ಕೆಲಸ. ಪ್ರತಿ ಪಂದ್ಯಕ್ಕೊಂದು ಸಾಲು. ಅಂಕಣಗಳು: ಎದುರಾಳಿ, ಎಲ್ಲಿ ಆಡಿದ್ದು, ಅಂಕ, ಎದುರಾಳಿಯ ವರ್ಷದ ಗೆಲುವು–ಸೋಲು. ಐದನೆಯದು ಎಲ್ಲಕ್ಕಿಂತ ಮುಖ್ಯ: ನಮ್ಮ ವಿರುದ್ಧದ ಪಂದ್ಯವನ್ನು ಕಳೆದು ಎದುರಾಳಿಯ ಗೆಲುವು–ಸೋಲು. ನಾವೇ ಕೊಟ್ಟ ಸೋಲಿಗೆ ಎದುರಾಳಿಯನ್ನು ದುರ್ಬಲ ಎನ್ನುವುದು ನ್ಯಾಯವಲ್ಲ, ಹೀಗಾಗಿ ಈ ಕಳೆಯುವಿಕೆ.

ಕೆಳಹಂತದ, ಅಂದರೆ ಎಫ್‌ಸಿಎಸ್ ತಂಡದ ವಿರುದ್ಧದ ಗೆಲುವಿದ್ದರೆ ಆ ಸಾಲಿಗೆ ಅಡ್ಡಗೆರೆ ಎಳೆಯಿರಿ. ಸೋಲಿದ್ದರೆ ಎರಡು ಅಡಿಗೆರೆ.

ಬಾಯ್ಸಿಯ 2024ರ ಹಾಳೆಯಿಂದ ಕೆಲವು ಸಾಲುಗಳನ್ನು ತೋರಿಸುತ್ತೇನೆ; ಮೇಲೆ ಹೇಳಿದ 9 ಮತ್ತು 6ರ ದೂರು ಈ ತಂಡದ್ದೇ. ಆರೆಗಾನ್, ಅವರ ಊರಾದ ಯೂಜೀನ್‌ನಲ್ಲಿ, 34–37 ಸೋಲು. ಸಮಿತಿ ಕೂರುವ ಹೊತ್ತಿಗೆ, ನಮ್ಮ ಪಂದ್ಯ ಕಳೆದರೆ, ಆರೆಗಾನ್ 12–0. ವಾಷಿಂಗ್ಟನ್ ಸ್ಟೇಟ್, ಇಲ್ಲೇ, 45–24 ಗೆಲುವು, ಕಳೆದರೆ 8–3. ಲಾಸ್ ವೇಗಸ್‌ನ ಯುಎನ್‌ಎಲ್‌ವಿ, ಎರಡು ಸಲ, ಅವರಲ್ಲಿ 29–24, ಕಾನ್ಫರೆನ್ಸ್ ಫೈನಲ್‌ನಲ್ಲಿ ಇಲ್ಲಿ 21–7. ಎರಡನ್ನೂ ಕಳೆದರೆ 10–1. ಇಷ್ಟು ಓದಿದರೆ ಯಾರಿಗಾದರೂ ಎದೆ ಉಬ್ಬುತ್ತದೆ. ಮುಂದೆ ಹೋಗಿ. ನೆವಾಡಾ, 28–21, ಆ ವರ್ಷ ನೆವಾಡಾ ಗೆದ್ದದ್ದೇ ಮೂರು ಪಂದ್ಯ. ವಯೋಮಿಂಗ್, ಲ್ಯಾರಮಿಯಲ್ಲಿ, 17–13. ಕಳೆದರೆ ವಯೋಮಿಂಗ್ 3–8. ಲ್ಯಾರಮಿ ಸಮುದ್ರಮಟ್ಟದಿಂದ 2,200 ಮೀಟರ್ ಎತ್ತರದಲ್ಲಿದೆ, ಉಸಿರು ಕಟ್ಟುತ್ತದೆ, ಎಲ್ಲ ಸರಿ. ಆದರೂ ದೇಶದ ಮೊದಲ ಆರರಲ್ಲಿ ಕೂರಬೇಕೆನ್ನುವ ತಂಡ ಅಲ್ಲಿ ನಾಲ್ಕು ಅಂಕದಿಂದ ಗೆದ್ದು ಬರುವುದಿಲ್ಲ.

ಹೀಗೆ ಎಲ್ಲ ಸಾಲು ತುಂಬಿದ ಮೇಲೆ ಐದನೇ ಅಂಕಣವನ್ನು ಮೇಲಿನಿಂದ ಕೆಳಗೆ ಓದಿ. ತಂಡದ ಹೆಸರನ್ನೂ ಅದರ ಅಂಕಿಅಂಶಗಳನ್ನೂ ಮರೆತುಬಿಡಿ. ಆ ವರ್ಷ ಬಾಯ್ಸಿಯ ಆಷ್ಟನ್ ಜೆಂಟಿ ಚೆಂಡು ಹಿಡಿದು 2,601 ಯಾರ್ಡ್ ಓಡಿದ; ಒಂದು ಋತುವಿನ ದಾಖಲೆ ಬ್ಯಾರಿ ಸ್ಯಾಂಡರ್ಸ್‌ನದು, 1988ರಲ್ಲಿ 2,628. ಊರಿಗೆ ಊರೇ 27 ಯಾರ್ಡ್‌ಗಾಗಿ ನಿಟ್ಟುಸಿರುಬಿಟ್ಟಿತು. ಸ್ಯಾಂಡರ್ಸ್ ಅಷ್ಟನ್ನು ಓಡಿದ್ದು 11 ಪಂದ್ಯಗಳಲ್ಲಿ, ಜೆಂಟಿ 14ರಲ್ಲಿ. ಇದನ್ನು ನಮ್ಮ ಆಫೀಸಿನಲ್ಲಿ ಹೇಳಿದ ದಿನ ಮಧ್ಯಾಹ್ನದ ಊಟಕ್ಕೆ ಯಾರೂ ನನ್ನನ್ನು ಕರೆಯಲಿಲ್ಲ. ಜೆಂಟಿ ಅದ್ಭುತ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂಡದ ಸ್ಥಾನ ಕೇಳುವಾಗ ಅವನ ಯಾರ್ಡ್‌ಗಳು ಯಾರೆದುರು ಬಂದವು ಎಂಬುದನ್ನೇ ಕೇಳಬೇಕು, ಅದು ಮತ್ತೆ ಐದನೇ ಅಂಕಣ.

ಹೆಸರು ಮುಚ್ಚಿ ಹೋಲಿಸಿ

ನೀವು ಬಯಸುವ ಸ್ಥಾನದಲ್ಲಿ ಈಗ ಕುಳಿತಿರುವ ತಂಡಕ್ಕೂ ಇದೇ ಹಾಳೆ ತಯಾರಿಸಿ. ಎರಡರ ತಲೆಯ ಮೇಲಿನ ಹೆಸರನ್ನು ಮಡಚಿ, ಫುಟ್‌ಬಾಲ್ ಗೊತ್ತಿಲ್ಲದ ಮನೆಯವರೊಬ್ಬರ ಕೈಗೆ ಕೊಡಿ. ನನ್ನ ಯಜಮಾನರಿಗೆ ಟಚ್‌ಡೌನ್‌ಗೆ ಆರು ಅಂಕ ಎಂಬುದು ಇಂದಿಗೂ ನೆನಪಿರುವುದಿಲ್ಲ, ಆದ್ದರಿಂದ ಅವರಷ್ಟು ಯೋಗ್ಯ ತೀರ್ಪುಗಾರರು ಇನ್ನೊಬ್ಬರಿಲ್ಲ.

2024ರಲ್ಲಿ 6ನೇ ಸ್ಥಾನದಲ್ಲಿದ್ದದ್ದು ಒಹಾಯೊ ಸ್ಟೇಟ್, 10–2. ಅವರೂ ಯೂಜೀನ್‌ಗೆ ಹೋಗಿ ಆರೆಗಾನ್ ಎದುರು ಸೋತಿದ್ದರು, 31–32. ಬಾಯ್ಸಿ ಮೂರು ಅಂಕದಿಂದ, ಇವರು ಒಂದು ಅಂಕದಿಂದ. ಮೇಲಾಗಿ ಮಿಶಿಗನ್ ಎದುರು ತಮ್ಮದೇ ಮೈದಾನದಲ್ಲಿ 10–13ರಿಂದ ಸೋತರು, ಮಿಶಿಗನ್ ಆ ವರ್ಷ ಆರಕ್ಕೇರದ ಮೂರಕ್ಕಿಳಿಯದ ತಂಡ. ಇಲ್ಲಿಯವರೆಗೆ ಬಾಯ್ಸಿಯ ಅಭಿಮಾನಿ ಮೇಜು ಕುಟ್ಟಬಹುದು. ಮುಂದಿನ ಸಾಲುಗಳನ್ನು ನೋಡಿ: ಪೆನ್ ಸ್ಟೇಟ್ ಮೇಲೆ ಅವರದೇ ಊರಿನಲ್ಲಿ 20–13 ಗೆಲುವು, ಇಂಡಿಯಾನಾ ಮೇಲೆ 38–15. ಐದನೇ ಅಂಕಣದಲ್ಲಿ ಇಂಥ ಎರಡು ಸಾಲು ಬಾಯ್ಸಿಯ ಹಾಳೆಯಲ್ಲಿಲ್ಲ. ಹೀಗಾಗಿ 6 ಸಿಗುವುದಿಲ್ಲ.

8ನೇ ಸ್ಥಾನದ ಇಂಡಿಯಾನಾದ ಹಾಳೆ ಬೇರೆ ಕಥೆ. 11–1. ಒಂದೇ ಸೋಲು, ಆದರೆ 23 ಅಂಕದ್ದು. ದೊಡ್ಡ ಹೆಸರಿನ ಗೆಲುವೆಂದರೆ ಅದೇ ಮಿಶಿಗನ್ ಮೇಲಿನ 20–15. ಕಾನ್ಫರೆನ್ಸ್ ಪ್ರಶಸ್ತಿ ಇಲ್ಲ. ಬಾಯ್ಸಿಯ ಒಂದೇ ಸೋಲು ದೇಶದ ಮೊದಲ ಸ್ಥಾನದ ತಂಡದ ಊರಿನಲ್ಲಿ, ಕೊನೆಯ ಒದೆತದಲ್ಲಿ, ಮೂರು ಅಂಕದಿಂದ. ಕಾನ್ಫರೆನ್ಸ್ ಪ್ರಶಸ್ತಿಯೂ ಇದೆ. ಹೆಸರು ಮುಚ್ಚಿದರೆ ಬಾಯ್ಸಿ ಮೇಲೆ ಬರುತ್ತದೆ. ಅಂದರೆ 9ರ ಬದಲು 8. ವರ್ಷಪೂರ್ತಿ ನಡೆದ ಗಲಾಟೆಯ ಒಟ್ಟು ಮೌಲ್ಯ ಒಂದು ಮೆಟ್ಟಿಲು! ಆ ವರ್ಷ ನಾಲ್ಕು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಪ್ಲೇಆಫ್‌ನಲ್ಲಿ ಮೊದಲ ನಾಲ್ಕು ಶ್ರೇಯಾಂಕ ಕೊಡುವ ನಿಯಮವಿದ್ದುದರಿಂದ, 9ನೇ ಸ್ಥಾನದ ಬಾಯ್ಸಿಗೆ 3ನೇ ಶ್ರೇಯಾಂಕ ಮತ್ತು ಮೊದಲ ಸುತ್ತಿನ ವಿನಾಯಿತಿ ಎರಡೂ ಸಿಕ್ಕಿದವು. ಅದರ ಬಗ್ಗೆ ಊರಿನಲ್ಲಿ ಯಾರೂ ದೂರಲಿಲ್ಲ. ಮರುವರ್ಷ ನಿಯಮವನ್ನೇ ತೆಗೆದರು.

ಫಿಯೆಸ್ಟಾ ಬೌಲ್‌ನಲ್ಲಿ ಪೆನ್ ಸ್ಟೇಟ್ ಎದುರು 14–31ರಿಂದ ಸೋತಿದ್ದು ನನಗೆ ಆಶ್ಚರ್ಯವಾಗಲಿಲ್ಲ. ಹಾಳೆ ಅದನ್ನೇ ಹೇಳಿತ್ತು.

ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಡಬೇಡಿ

ಐದನೇ ಅಂಕಣ ನವೆಂಬರ್ ಕೊನೆಯವರೆಗೂ ಬದಲಾಗುತ್ತಲೇ ಇರುತ್ತದೆ. ಮತ ಹಾಕುವವರ ಮನಸ್ಸು ಮಾತ್ರ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದು ಕಷ್ಟ.

2010ರ ಸೆಪ್ಟೆಂಬರ್ 6ರ ಸೋಮವಾರ ಬಾಯ್ಸಿ ತಂಡ ಮೇರಿಲ್ಯಾಂಡ್‌ನಲ್ಲಿ ವರ್ಜಿನಿಯಾ ಟೆಕ್ ತಂಡವನ್ನು 33–30ರಿಂದ ಸೋಲಿಸಿತು. ಐದು ದಿನಗಳ ನಂತರ, ಇನ್ನೂ ಮೈ ನೋವು ಮಾಸದ ವರ್ಜಿನಿಯಾ ಟೆಕ್, ಕೆಳಹಂತದ ಜೇಮ್ಸ್ ಮ್ಯಾಡಿಸನ್ ತಂಡಕ್ಕೆ 16–21ರಿಂದ ಸೋತುಹೋಯಿತು. ಕೂಡಲೇ ಟಿವಿಯಲ್ಲಿ ಕುಳಿತವರ ಲೆಕ್ಕ ಬದಲಾಯಿತು: ಬಾಯ್ಸಿ ಸೋಲಿಸಿದ್ದು ಅಂಥ ದೊಡ್ಡ ತಂಡವನ್ನೇನೂ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಆಮೇಲೆ ವರ್ಜಿನಿಯಾ ಟೆಕ್ ಏನು ಮಾಡಿತು? ಸತತ 11 ಪಂದ್ಯ ಗೆದ್ದು ತನ್ನ ಕಾನ್ಫರೆನ್ಸ್ ಪ್ರಶಸ್ತಿ ಪಡೆಯಿತು. ಆ ಹೊತ್ತಿಗೆ ಬಾಯ್ಸಿಯ ಆ ಗೆಲುವಿಗೆ ಬೆಲೆ ಏರಬೇಕಿತ್ತು. ಏರಿಸುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಚಿಕ್ಕ ತಂಡ ಸೋಲಿಸಿದ ದೊಡ್ಡ ತಂಡ ಆಮೇಲೆ ಸೋತರೆ ಅದು ಎಲ್ಲರ ಗಮನಕ್ಕೆ ಬರುತ್ತದೆ, ಆಮೇಲೆ ಗೆದ್ದರೆ ನಿಮ್ಮ ಹಾಳೆಯ ಗಮನಕ್ಕೆ ಮಾತ್ರ. ಕಡೆಗಣನೆಯ ದೂರಿನಲ್ಲಿ ನಾನು ಪೂರ್ತಿ ಒಪ್ಪುವ ಭಾಗ ಇದು.

ಒಂದು ಒದೆತದ ತೂಕ

ಎಂಟು ಅಥವಾ ಅದಕ್ಕಿಂತ ಕಡಿಮೆ ಅಂಕದ ಅಂತರದ ಪಂದ್ಯಗಳಿಗೆ ಪೆನ್ಸಿಲ್‌ನಿಂದ ಸುತ್ತು ಹಾಕಿ. ಒಂದು ಟಚ್‌ಡೌನ್ ಮತ್ತು ಎರಡಂಕದ ಪ್ರಯತ್ನ ಸೇರಿದರೆ ಎಂಟು. ಅಷ್ಟರೊಳಗಿನ ಅಂತರವೆಂದರೆ ಒಂದೇ ಏಟಿನ ದೂರ. ಅವುಗಳ ಫಲಿತಾಂಶವನ್ನು ಅರ್ಧ ನಂಬಿ. ಚೆಂಡು ಕೈಜಾರಿ ನೆಲಕ್ಕೆ ಬಿದ್ದಾಗ ಯಾರ ಪಾಲಾಗುತ್ತದೆ ಎಂಬುದು ಬಹುಪಾಲು ನಾಣ್ಯ ಚಿಮ್ಮುಗೆ, ಅದರಿಂದ ಬಂದ ಅಂಕಗಳನ್ನೂ ಗುರುತಿಸಿಡಿ.

2010ರ ನವೆಂಬರ್ 26, ರೀನೋ ನಗರ. ಬಾಯ್ಸಿ ಅಲ್ಲಿಯವರೆಗೆ ಅಜೇಯ. ನೆವಾಡಾ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವ, ಚೆಂಡೆಸೆಯುವ ಆಟಗಾರ, ಕಾಲಿನ್ ಕ್ಯಾಪರ್ನಿಕ್; ಮುಂದೆ ರಾಷ್ಟ್ರಗೀತೆಯ ವೇಳೆ ಮಂಡಿಯೂರಿ ಪ್ರತಿಭಟಿಸಿ ಜಗತ್ತಿಗೆಲ್ಲ ಪರಿಚಿತನಾದವನು. ಅರ್ಧ ಆಟಕ್ಕೆ ಬಾಯ್ಸಿ 24–7 ಮುಂದಿತ್ತು. ಕೊನೆಯ ಸೆಕೆಂಡುಗಳಲ್ಲಿ 31–31. ಆಗ ಬಾಯ್ಸಿಯ ಕೆಲನ್ ಮೋರ್ ಎಸೆದ ಉದ್ದನೆಯ ಪಾಸ್ ಅನ್ನು ಟೈಟಸ್ ಯಂಗ್ ಗೋಲಿನ ಹತ್ತಿರ ಹಿಡಿದ. ಗಡಿಯಾರದಲ್ಲಿ ಕಣ್ಣು ಮಿಟುಕಿಸುವಷ್ಟು ಸಮಯ. ಕೈಲ್ ಬ್ರಾಟ್ಸ್‌ಮನ್ 26 ಯಾರ್ಡ್‌ನ ಫೀಲ್ಡ್‌ಗೋಲ್ (ಕಂಬಗಳ ನಡುವೆ ಒದ್ದರೆ ಮೂರು ಅಂಕ) ಒದೆಯಲು ಬಂದ. ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದವರ ಸಾಲಿನಲ್ಲಿದ್ದ ಒದೆತಗಾರ. ಚೆಂಡು ಬಲಗಂಬದ ಮೇಲೆ ಹಾದು ಹೊರಗೆ ಹೋಯಿತು. ಹೆಚ್ಚುವರಿ ಸಮಯದಲ್ಲಿ 29 ಯಾರ್ಡ್‌ನದೂ ತಪ್ಪಿತು. ನೆವಾಡಾ ತನ್ನದನ್ನು ಒಳಗೆ ಹಾಕಿತು, 34–31.

ಬಾಯ್ಸಿ ಪ್ರತಿಷ್ಠಿತ ಬೌಲ್‌ಗಳಿಂದ ಲಾಸ್ ವೇಗಸ್ ಬೌಲ್‌ಗೆ ಇಳಿಯಿತು. ಅಲ್ಲಿ ಯೂಟಾವನ್ನು 26–3ರಿಂದ ತೊಳೆದುಹಾಕಿತು, 12–1ಕ್ಕೆ ವರ್ಷ ಮುಗಿಸಿತು, 9ನೇ ಸ್ಥಾನ. ನೆವಾಡಾ ಆ ವರ್ಷ 13–1. ಅಂದರೆ ಬಾಯ್ಸಿ ಸೋತದ್ದು ಒಳ್ಳೆಯ ತಂಡಕ್ಕೆ, ಅವರ ಊರಿನಲ್ಲಿ, ಒಂದು ಒದೆತದಿಂದ. ದೊಡ್ಡ ಕಾನ್ಫರೆನ್ಸಿನ ತಂಡಕ್ಕೆ ಇಂಥ ಸೋಲು ಬಂದರೆ ಅದನ್ನು "ಒಳ್ಳೆಯ ಸೋಲು" ಎಂದು ಕರೆಯುವ ಸಂಪ್ರದಾಯವೇ ಇದೆ. ನಿಮ್ಮ ಹಾಳೆಯಲ್ಲಿ ಆ ಸೌಲಭ್ಯ ಎಲ್ಲರಿಗೂ ಇರಲಿ ಅಥವಾ ಯಾರಿಗೂ ಬೇಡ.

ಒಂದು ಪಂದ್ಯವನ್ನಾದರೂ ಪೂರ್ತಿ ನೋಡಿ

ಹಾಳೆ ಮುಗಿದ ಮೇಲೆ ಕಣ್ಣಿಗೂ ಸ್ವಲ್ಪ ಕೆಲಸ ಕೊಡಿ. ಇಲ್ಲಿ ರಾತ್ರಿ 8ಕ್ಕೆ ಪಂದ್ಯ ಶುರುವಾದರೆ ನ್ಯೂಯಾರ್ಕಿನಲ್ಲಿ 10. ಮುಗಿಯುವ ಹೊತ್ತಿಗೆ ಅಲ್ಲಿನ ಮತದಾರ ಗೊರಕೆ ಹೊಡೆಯುತ್ತಿರುತ್ತಾನೆ. ಪಶ್ಚಿಮದ ಚಿಕ್ಕ ತಂಡಗಳ ಈ ಗೋಳಿನಲ್ಲಿ ಹುರುಳಿದೆ. ನಿಮಗೆ ಆ ನೆಪ ಬೇಡ, ಮರುದಿನ ಮರುಪ್ರಸಾರ ನೋಡಿ.

ನೋಡುವುದಕ್ಕೆ ಆರಿಸಬೇಕಾದದ್ದು ಐದನೇ ಅಂಕಣದಲ್ಲಿ ಅತ್ಯುತ್ತಮ ಎದುರಾಳಿಯೊಂದಿಗಿನ ಪಂದ್ಯ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಚೆಂಡು ಕೈ ಬದಲಾಯಿಸುವ ಕ್ಷಣದಲ್ಲಿ ಎರಡು ಸಾಲುಗಳಾಗಿ ಬಾಗಿ ನಿಂತ ದಪ್ಪ ಹುಡುಗರನ್ನು ನೋಡಿ. ಯಾರು ಯಾರನ್ನು ಹಿಂದಕ್ಕೆ ತಳ್ಳುತ್ತಿದ್ದಾರೆ? ಚಿಕ್ಕ ತಂಡಕ್ಕೂ ದೊಡ್ಡ ತಂಡಕ್ಕೂ ಇರುವ ನಿಜವಾದ ವ್ಯತ್ಯಾಸ ಅಲ್ಲಿದೆ, ಅದೂ ನಾಲ್ಕನೇ ಕ್ವಾರ್ಟರ್‌ನಲ್ಲಿ, ಬದಲಿ ಆಟಗಾರರು ಒಳಗೆ ಬಂದಾಗ. ಮೂರು ಕ್ವಾರ್ಟರ್ ಸರಿಸಮ ನಿಂತು ಕೊನೆಯಲ್ಲಿ ಕುಸಿಯುವ ತಂಡಕ್ಕೆ ಹನ್ನೊಂದು ಒಳ್ಳೆಯ ಆಟಗಾರರಿದ್ದಾರೆ, ಇಪ್ಪತ್ತೆರಡು ಇಲ್ಲ ಎಂದರ್ಥ.

ಜೊತೆಗೆ ಒಂದು ಸರಳ ಎಣಿಕೆ, ವಿಶ್ಲೇಷಕ ಬಿಲ್ ಕಾನೆಲಿ ಬಳಕೆಗೆ ತಂದದ್ದು. ಹತ್ತು ಯಾರ್ಡ್ ಮುಂದೆ ಸಾಗಲು ತಂಡಕ್ಕೆ ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಒಂದೊಂದಕ್ಕೂ ಡೌನ್ ಎಂದು ಹೆಸರು. ಮೊದಲ ಡೌನ್‌ನಲ್ಲಿ ಬೇಕಾದ ಯಾರ್ಡ್‌ಗಳ ಅರ್ಧ, ಎರಡನೆಯದರಲ್ಲಿ ಉಳಿದದ್ದರ ನೂರಕ್ಕೆ 70, ಮೂರನೆಯ ಮತ್ತು ನಾಲ್ಕನೆಯದರಲ್ಲಿ ಪೂರ್ತಿ ಸಿಕ್ಕಿದರೆ ಆ ಪ್ರಯತ್ನ ಸಫಲ. ಪ್ರತಿ ಪ್ರಯತ್ನಕ್ಕೂ ಹೌದು ಅಥವಾ ಇಲ್ಲ ಎಂದು ಗೀಟು ಹಾಕುತ್ತಾ ಹೋಗಿ. ಮಿಂಚಿನಂಥ ಎರಡು ಓಟಗಳಿಂದ ಗೆದ್ದ ತಂಡಕ್ಕೂ ಇಡೀ ಸಂಜೆ ಎದುರಾಳಿಯನ್ನು ಅರೆದ ತಂಡಕ್ಕೂ ಇರುವ ಅಂತರ ಈ ಗೀಟುಗಳಲ್ಲಿ ಬಯಲಾಗುತ್ತದೆ. ಅಂತರ ಭಾರಿಯಾದ ಮೇಲಿನ ಆಟಕ್ಕೆ ಗೀಟು ಬೇಡ, ಆಗ ಇಬ್ಬರೂ ಗಡಿಯಾರ ನೋಡುತ್ತಿರುತ್ತಾರೆ.

ಕಠಿಣ ಪಂದ್ಯ ಸಿಗಲಿಲ್ಲವೋ, ಕೇಳಲಿಲ್ಲವೋ?

ಐದನೇ ಅಂಕಣ ಬಡವಾಗಿದ್ದರೆ ಕಾರಣ ಹುಡುಕಿ. ಕಾನ್ಫರೆನ್ಸಿನ ಒಳಗಿನ ಎಂಟು ಪಂದ್ಯ ತಂಡದ ಕೈಯಲ್ಲಿಲ್ಲ. ಉಳಿದ ನಾಲ್ಕು ಒಪ್ಪಂದದ ಪಂದ್ಯಗಳು, ಅನೇಕವು ವರ್ಷಗಳ ಮೊದಲೇ ಸಹಿಯಾದವು. ದೊಡ್ಡ ವಿಶ್ವವಿದ್ಯಾಲಯಗಳು ದುಡ್ಡು ಕೊಟ್ಟು ಚಿಕ್ಕವರನ್ನು ತಮ್ಮ ಮೈದಾನಕ್ಕೆ ಕರೆಸುತ್ತವೆ, ತಾವು ಅವರ ಊರಿಗೆ ಹೋಗುವುದು ಅಪರೂಪ. 2007ರಲ್ಲಿ ಮಿಶಿಗನ್ 4 ಲಕ್ಷ ಡಾಲರ್ ಕೊಟ್ಟು ಅಪಲಾಚಿಯನ್ ಸ್ಟೇಟ್ ತಂಡವನ್ನು ಕರೆಸಿತು, ಲಕ್ಷಕ್ಕೂ ಮೀರಿದ ಪ್ರೇಕ್ಷಕರೆದುರು 32–34ರಿಂದ ಸೋತಿತು. ಅಂದಿನಿಂದ ಚೆನ್ನಾಗಿ ಆಡುವ ಚಿಕ್ಕ ತಂಡವನ್ನು ಕರೆಯುವ ಮೊದಲು ಎಲ್ಲರೂ ಎರಡು ಸಲ ಯೋಚಿಸುತ್ತಾರೆ. ಗೆದ್ದರೆ ಲಾಭವಿಲ್ಲ, ಸೋತರೆ ಮಾನ ಹೋಗುತ್ತದೆ.

2010ರ ನವೆಂಬರ್‌ನಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ಗಾರ್ಡನ್ ಗೀ, ಬಾಯ್ಸಿ ಮತ್ತು ಟೆಕ್ಸಸ್ ಕ್ರಿಶ್ಚಿಯನ್ ತಂಡಗಳು ಪ್ರಶಸ್ತಿಗೆ ಅರ್ಹವಲ್ಲ, ತಾವು ಬಡವರ ಸೇವೆಯ ಸನ್ಯಾಸಿನಿಯರ ಜೊತೆ ಆಡುವವರಲ್ಲ ಎಂಬರ್ಥದ ಮಾತಾಡಿದರು. ಎರಡು ತಿಂಗಳಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ರೋಸ್ ಬೌಲ್ ಗೆದ್ದಾಗ, ಒಹಾಯೊ ಸ್ಟೇಟ್ ಇರುವ ಕೊಲಂಬಸ್ ನಗರದಲ್ಲೇ ಆ ಸನ್ಯಾಸಿನಿಯರ ಹೆಸರಿನಲ್ಲಿ ಅಭಿನಂದನೆಯ ಫಲಕಗಳು ಎದ್ದವು. ಬಾಯ್ಸಿಯ ಕಡೆಯಿಂದ ನೋಡಿದರೆ ಆ ದಶಕದಲ್ಲಿ ಕೇಳುವ ಕೆಲಸ ನಡೆದಿತ್ತು: ಆರೆಗಾನ್, ವರ್ಜಿನಿಯಾ ಟೆಕ್, 2011ರಲ್ಲಿ ಅಟ್ಲಾಂಟಾಕ್ಕೇ ಹೋಗಿ ಜಾರ್ಜಿಯಾವನ್ನು 35–21ರಿಂದ ಸೋಲಿಸಿದ್ದು. ಇಂಥ ತಂಡದ ಉಳಿದ ಬಡ ಸಾಲುಗಳಿಗೆ ನಾನು ಸ್ವಲ್ಪ ಕೃಪಾಂಕ ಕೊಡುತ್ತೇನೆ.

2023ರ ಲಿಬರ್ಟಿ ತಂಡಕ್ಕೆ ಕೊಡುವುದಿಲ್ಲ. 13–0 ಆಗಿದ್ದರೂ ಅವರ ನಿಯತ ಋತುವಿನ ಪಟ್ಟಿಯಲ್ಲಿ ದೊಡ್ಡ ಕಾನ್ಫರೆನ್ಸಿನ ಒಂದು ತಂಡವೂ ಇರಲಿಲ್ಲ. ಸಮಿತಿ 23ನೇ ಸ್ಥಾನ ಕೊಟ್ಟಿತು. ಫಿಯೆಸ್ಟಾ ಬೌಲ್‌ನಲ್ಲಿ ಆರೆಗಾನ್ 45–6ರಿಂದ ಅವರನ್ನು ನೆಲಕ್ಕೆ ಕೆಡವಿತು. ಅಲ್ಲಿ ಕಡೆಗಣನೆಯೇನೂ ನಡೆದಿರಲಿಲ್ಲ.

ಬೌಲ್ ಪಂದ್ಯವನ್ನು ಎಷ್ಟು ನಂಬಬೇಕು

ಡಿಸೆಂಬರ್, ಜನವರಿಯ ಬೌಲ್ ಪಂದ್ಯಗಳಿಗೆ ಮುನ್ನ ಆಟಗಾರರು ತಂಡ ಬಿಡುವುದುಂಟು, ವೃತ್ತಿಪರ ಲೀಗ್ ಆಯ್ಕೆಗೆಂದು ಮೈ ಕಾಪಾಡಿಕೊಳ್ಳುವುದುಂಟು. 2023ರಲ್ಲಿ ಪ್ಲೇಆಫ್‌ಗೆ ಆಯ್ಕೆಯಾಗದ 13–0ರ ಫ್ಲೋರಿಡಾ ಸ್ಟೇಟ್, ಅರ್ಧ ತಂಡ ಖಾಲಿಯಾದ ಮೇಲೆ ಜಾರ್ಜಿಯಾ ಎದುರು 3–63ರಿಂದ ಸೋತಿತು. ಆ ಅಂಕದಿಂದ ಏನೂ ತಿಳಿಯುವುದಿಲ್ಲ. ಆದರೆ 2009ರ ಜನವರಿಯಲ್ಲಿ ಯೂಟಾ ತಂಡ ಅಲಬಾಮಾವನ್ನು 31–17ರಿಂದ ಹೊಡೆದಾಗ "ಅಲಬಾಮಾಕ್ಕೆ ಮನಸ್ಸಿರಲಿಲ್ಲ" ಎಂದವರು, ಹವಾಯಿ ತಂಡ ಅದಕ್ಕೂ ಒಂದು ವರ್ಷ ಮೊದಲು ಜಾರ್ಜಿಯಾ ಎದುರು 10–41ರಿಂದ ಸೋತಾಗ ಹವಾಯಿಯ ಮನಸ್ಸಿನ ಬಗ್ಗೆ ವಿಚಾರಿಸಿರಲಿಲ್ಲ. ನೆಪವನ್ನು ಒಪ್ಪುವುದಾದರೆ ಇಬ್ಬರಿಗೂ ಒಪ್ಪಿ.

ತಂಡದ ಹೆಸರಿಗಲ್ಲ, ಆ ವರ್ಷದ ತಂಡಕ್ಕೆ

ಈಗ ಆಟಗಾರರು ವರ್ಷ ವರ್ಷವೂ ಕಾಲೇಜು ಬದಲಾಯಿಸಬಹುದು. ಹಳೆಯ ಹಾಳೆಯ ಅಂಕ ಹೊಸ ವರ್ಷಕ್ಕೆ ಸಾಗುವುದಿಲ್ಲ. 2023ರಲ್ಲಿ ಜೇಮ್ಸ್ ಮ್ಯಾಡಿಸನ್ ತಂಡ ನಿಯತ ಋತುವನ್ನು 11–1ಕ್ಕೆ ಮುಗಿಸಿತು. ಮೇಲಿನ ಹಂತಕ್ಕೆ ಹೊಸದಾಗಿ ಬಂದಿದ್ದರಿಂದ ತನ್ನ ಕಾನ್ಫರೆನ್ಸ್ ಫೈನಲ್ ಆಡಲೂ ಅನುಮತಿ ಇರಲಿಲ್ಲ. ಅದರ ಕೋಚ್ ಕರ್ಟ್ ಸಿಗ್ನೆಟಿ, ಹತ್ತಕ್ಕೂ ಹೆಚ್ಚು ಆಟಗಾರರ ಜೊತೆ, ಸೋಲಿಗೇ ಹೆಸರಾಗಿದ್ದ ಇಂಡಿಯಾನಾಕ್ಕೆ ಹೋದರು. ಮೊದಲ ವರ್ಷವೇ ಪ್ಲೇಆಫ್, ಎರಡನೇ ವರ್ಷ ಅಜೇಯ ರಾಷ್ಟ್ರೀಯ ಚಾಂಪಿಯನ್. ಅದೇ ಕೋಚ್, ಒಂದಷ್ಟು ಅದೇ ಹುಡುಗರು; ಬದಲಾದದ್ದು ಅಂಗಿಯ ಮೇಲಿನ ಹೆಸರು ಮತ್ತು ವೇಳಾಪಟ್ಟಿ. ಚಿಕ್ಕ ಕಾನ್ಫರೆನ್ಸಿನಲ್ಲಿ ನಿಜವಾದ ಬಲ ಕಣ್ಣಿಗೆ ಬೀಳದೆ ಇರಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ನನಗೆ ಸಿಕ್ಕಿಲ್ಲ.

ಈ ಕ್ರಮದಲ್ಲಿ ಬಾಯ್ಸಿಗೆ ಬಂದ ತೀರ್ಪುಗಳನ್ನೂ ಹೇಳಿಬಿಡುತ್ತೇನೆ. 2006ರ ತಂಡ, ಒಕ್ಲಹೋಮಾವನ್ನು ಫಿಯೆಸ್ಟಾ ಬೌಲ್‌ನಲ್ಲಿ 43–42ರಿಂದ ಸೋಲಿಸಿ 13–0 ಆದದ್ದು, 5ನೇ ಸ್ಥಾನ: ಸ್ವಲ್ಪ ಕಡಿಮೆ ಕೊಟ್ಟರು. 2009ರ ತಂಡ 14–0, 4ನೇ ಸ್ಥಾನ: ನಿಜವಾದ ಅನ್ಯಾಯ. ಆರೆಗಾನ್ ತಂಡವನ್ನು 19–8ರಿಂದ ಸೋಲಿಸಿದರು, ಆ ಆರೆಗಾನ್ ತನ್ನ ಕಾನ್ಫರೆನ್ಸ್ ಗೆದ್ದಿತು. ಕೊನೆಗೆ ಇಬ್ಬರು ಅಜೇಯ ಹೊರಗಿನವರನ್ನು, ಬಾಯ್ಸಿ ಮತ್ತು ಟೆಕ್ಸಸ್ ಕ್ರಿಶ್ಚಿಯನ್, ಒಬ್ಬರ ಮೇಲೊಬ್ಬರನ್ನು ಬಿಟ್ಟರು, ದೊಡ್ಡವರ ಮಾನ ಉಳಿಯಿತು. ಬಾಯ್ಸಿ 17–10ರಿಂದ ಗೆದ್ದಿತು. ಅಲಬಾಮಾದ ಮೊದಲ ಸ್ಥಾನ ಪ್ರಶ್ನಾತೀತ. ಎರಡನೆಯದು ಬಾಯ್ಸಿಯದಾಗಬೇಕಿತ್ತು ಎಂದು ನನ್ನ ಹಾಳೆ ಹೇಳುತ್ತದೆ. 2024ಕ್ಕೆ ಒಂದು ಮೆಟ್ಟಿಲು, ಅಷ್ಟೇ.

2026ರಿಂದ ಬಾಯ್ಸಿ ಪ್ಯಾಕ್-12 ಕಾನ್ಫರೆನ್ಸಿಗೆ ಸೇರುತ್ತಿದೆ. ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್, ಟೆಕ್ಸಸ್ ಸ್ಟೇಟ್ ಕಾನ್ಫರೆನ್ಸಿನೊಳಗಿನ ಹೊಸ ಸಾಲುಗಳು. ಫ್ರೆಸ್ನೊ, ಸ್ಯಾನ್ ಡಿಯಾಗೊ, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್ ಹಳೆಯ ನೆಂಟರೇ. ವಯೋಮಿಂಗ್, ನೆವಾಡಾ ಆ ಕಾನ್ಫರೆನ್ಸಿನಲ್ಲಿಲ್ಲ. ಇದರಿಂದಲೇ ಸ್ಥಾನ ಮೇಲೇರುತ್ತದೆ ಎಂದು ಈಗಾಗಲೇ ಇಲ್ಲಿ ಟೀ ಶರ್ಟ್ ಮಾರುವವರಿದ್ದಾರೆ. ಹಾಳೆ ತುಂಬುವುದು ನವೆಂಬರ್ ಮುಗಿದ ಮೇಲೆ.